ಮೊದಲು ಖಾಲಿ ಟೇಬಲ್, ಆಮೇಲೆ ಪ್ರಶ್ನಾವಳಿ: ಪಿಎಚ್.ಡಿ. ಸರ್ವೆಗೆ ಪ್ಲಾನ್ ಮಾಡುವ ಬಗೆ

ಪಿಎಚ್.ಡಿ. ಮಾಡುತ್ತಿರುವವರು ನನ್ನ ಹತ್ತಿರ ಹೆಚ್ಚಾಗಿ ಬರುವುದು ಎರಡು ಚೀಲ ಹೊತ್ತುಕೊಂಡು. ಚೀಲದ ತುಂಬ ಭರ್ತಿ ಮಾಡಿದ ಪ್ರಶ್ನಾವಳಿಗಳು. ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಮನೆ ಮನೆ ಸುತ್ತಿ, ಉಂಬಳ ಕಚ್ಚಿಸಿಕೊಂಡು, ದಿನಕ್ಕೆರಡೇ ಸಲ ಬರುವ ಬಸ್ಸಿಗೆ ಕಾದು ತಂದ ಹಾಳೆಗಳು. ಕೂತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಸರ್, ಇದಕ್ಕೆ ಯಾವ ಟೆಸ್ಟ್ ಹಾಕಬೇಕು?"

ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರು ಪಟ್ಟ ಕಷ್ಟ ಸುಳ್ಳಲ್ಲ. ಆದರೆ ಈ ಪ್ರಶ್ನೆ ಹುಟ್ಟಬೇಕಾಗಿದ್ದದ್ದು ಮೊದಲ ಮನೆಯ ಅಂಗಳಕ್ಕೆ ಕಾಲಿಡುವ ಮುಂಚೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1938ರಲ್ಲಿ, ಭಾರತದ ಮೊದಲ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷರಾಗಿ ಇದನ್ನೇ ಹೇಳಿದ್ದರು. ಪ್ರಯೋಗ ಮುಗಿಸಿಕೊಂಡು ಸಲಹೆ ಕೇಳುವುದು ಎಂದರೆ ಶವಪರೀಕ್ಷೆ ಮಾಡಿಸಿದ ಹಾಗೆ. ಸತ್ತದ್ದು ಯಾಕೆ ಅಂತ ಹೇಳಬಹುದು, ಬದುಕಿಸುವುದಕ್ಕೆ ಆಗುವುದಿಲ್ಲ.

ಹಾಗಾದರೆ ಮೊದಲು ಏನು ಮಾಡಬೇಕು? ನನ್ನ ಉತ್ತರ ಇಷ್ಟೇ. ಪ್ರಶ್ನಾವಳಿ ಬರೆಯುವ ಮುಂಚೆ, ಪ್ರಬಂಧದಲ್ಲಿ ಕೊನೆಗೆ ಬರಬೇಕಾದ ಟೇಬಲ್ಲುಗಳನ್ನು ಖಾಲಿಯಾಗಿ ಬರೆದಿಡಿ. ಅಂಕಿ ಬೇಡ, ಗೆರೆ ಸಾಕು. ಅಡ್ಡಸಾಲಿನಲ್ಲಿ ಏನು, ಕಂಬಸಾಲಿನಲ್ಲಿ ಏನು, ಟೇಬಲ್ಲಿನ ಮನೆಯೊಳಗೆ ಬರುವುದು ಶೇಕಡಾವಾರೋ ಸರಾಸರಿಯೋ, ಅಷ್ಟು. ಬಾಕಿ ಎಲ್ಲ ಪ್ಲಾನೂ ಆ ಖಾಲಿ ಮನೆಗಳನ್ನು ತುಂಬುವ ದಾರಿ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. "ಶಿವಮೊಗ್ಗ ಜಿಲ್ಲೆಯ ಅಡಿಕೆ ಬೆಳೆಗಾರರ ಸಮಸ್ಯೆಗಳು: ಒಂದು ಅಧ್ಯಯನ." ಇಂಥ ಶೀರ್ಷಿಕೆ ನಾವೆಲ್ಲ ನೋಡಿದ್ದೇವೆ ಅಲ್ವಾ? ಇದು ವಿಷಯ ಆಯಿತು, ಪ್ರಶ್ನೆ ಆಗಲಿಲ್ಲ. ಇದರಲ್ಲಿ ಟೇಬಲ್ ಬರೆಯುವುದಕ್ಕೆ ಆಗುವುದಿಲ್ಲ. ಸಮಸ್ಯೆ ಅಂದರೆ ಯಾವುದು? ಕೊಳೆರೋಗವೋ, ಎಲೆಚುಕ್ಕಿಯೋ, ಬೆಲೆಯೋ, ಆಳಿನ ಕೊರತೆಯೋ? ಒಂದನ್ನು ಆರಿಸಿ. ಆರಿಸಿದ್ದನ್ನು ಇನ್ನೂ ಸಣ್ಣದು ಮಾಡಿ.

ಕೊಳೆ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ತಗೊಳ್ಳೋಣ. ಈ ರೋಗಕ್ಕೆ ಕಾರಣವಾದ ಶಿಲೀಂಧ್ರದಂಥ ಜೀವಿಯ ಬಗ್ಗೆ ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಬರೆದಿದ್ದರು. ಇದಕ್ಕೆ ಹೊಡೆಯುವ ಔಷಧಿಯಾದ ಶೇಕಡಾ 1ರ ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಇಷ್ಟು ಗೊತ್ತಿದ್ದೂ ಮೊದಲ ಔಷಧಿ ತಡವಾಗುತ್ತದೆ. ಯಾಕೆ? ಯಾರನ್ನು ಕೇಳಿದರೂ "ಕೊನೆಗಾರ ಸಿಗಲಿಲ್ಲ" ಅನ್ನುತ್ತಾರೆ. ಕೊನೆಗಾರ ಅಂದರೆ ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಆಳು. ಹಾಗಾದರೆ ಪ್ರಶ್ನೆ ಹೀಗಿರಲಿ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹೊರಗಿನ ಕೊನೆಗಾರನನ್ನು ನಂಬಿಕೊಂಡ ಬೆಳೆಗಾರರ ಮೊದಲ ಔಷಧಿ, ಸ್ವಂತ ದೋಟಿ (ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದನೆಯ ಗಳ) ಇಟ್ಟುಕೊಂಡವರಿಗಿಂತ ತಡವಾಗುತ್ತದೆಯೇ? ತಡವಾಗುವುದಾದರೆ ಎಷ್ಟು ತಡ?

ಈಗ ಟೇಬಲ್ ತಾನಾಗಿ ಬರುತ್ತದೆ. ಅಡ್ಡಸಾಲು ಮೂರು: ಸ್ವಂತ ದೋಟಿ, ಊರಿನದೇ ಕೊನೆಗಾರ, ಹೊರಗಿನ ಕೊನೆಗಾರ. ಕಂಬಸಾಲಿನಲ್ಲಿ ಮೊದಲ ಔಷಧಿ ಹೊಡೆದ ಸಮಯ. ಕಾರಣ ಅಂತ ನಾವು ಅಂದಾಜು ಮಾಡಿದ್ದು ಒಂದು ಕಡೆ, ಪರಿಣಾಮ ಇನ್ನೊಂದು ಕಡೆ. ಸಂಶೋಧನೆಯ ಭಾಷೆಯಲ್ಲಿ ಸ್ವತಂತ್ರ ಚರ, ಅವಲಂಬಿತ ಚರ ಅನ್ನುವುದು ಇದನ್ನೇ.

ಸಮಯವನ್ನು ಅಳೆಯುವುದು ಹೇಗೆ? ಎಲ್ಲರೂ ಸುಲಭ ಅಂದುಕೊಳ್ಳುವ ಈ ಜಾಗದಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕು ಅಂತ ನನಗನ್ನಿಸುತ್ತದೆ. ಪ್ರಶ್ನಾವಳಿಯಲ್ಲಿ "ಮೊದಲ ಸಿಂಪಡಣೆಯ ದಿನಾಂಕ" ಅಂತ ಒಂದು ಗೆರೆ ಎಳೆದಿರುತ್ತೀರಿ. ಜಗಲಿಯಲ್ಲಿ ಕೂತ ಯಜಮಾನರು ಏನನ್ನುತ್ತಾರೆ ಗೊತ್ತಾ? "ತಾರೀಖು ಯಾರಿಗೆ ನೆನಪಿರತ್ತೆ ತಂಗಿ? ರೋಹಿಣಿ ಮುಗಿಯೋಕೆ ಎರಡು ದಿನ ಇತ್ತು, ಅಷ್ಟರಲ್ಲಿ ಮುಗ್ಸಿದ್ವಿ." ಪ್ರಶ್ನಾವಳಿಯಲ್ಲಿ ಈ ಮಾತಿಗೆ ಜಾಗವೇ ಇಲ್ಲ. ಪ್ರಶ್ನೆ ಕೇಳಲು ಹೋದ ಹುಡುಗಿ ಅಂದಾಜಿಗೆ ಜೂನ್ 1 ಅಂತ ಬರೆದುಕೊಳ್ಳುತ್ತಾಳೆ. ಮುಂದಿನ ಮನೆಯಲ್ಲೂ ಜೂನ್ 1. ಕೊನೆಗೆ ಕಂಪ್ಯೂಟರಿನಲ್ಲಿ ನೋಡಿದರೆ ಅರ್ಧ ತಾಲ್ಲೂಕು ಒಂದೇ ದಿನ ಔಷಧಿ ಹೊಡೆದ ಹಾಗೆ ಕಾಣುತ್ತದೆ.

ತಪ್ಪು ಯಜಮಾನರದ್ದಲ್ಲ, ಅಳತೆಗೋಲಿನದು. ಅವರ ಹತ್ತಿರ ಅವರದ್ದೇ ಆದ ಗಟ್ಟಿ ಕ್ಯಾಲೆಂಡರ್ ಇದೆ. ರೋಹಿಣಿ ಮಳೆ ಮೇ 25ರ ಆಸುಪಾಸು ಹುಟ್ಟುತ್ತದೆ. ಮೃಗಶಿರ ಜೂನ್ 8ರ ಹೊತ್ತಿಗೆ, ಆರಿದ್ರ ಜೂನ್ 22ರ ಹೊತ್ತಿಗೆ. ಒಂದೊಂದು ಮಳೆ 13-14 ದಿನ. ಒಂದು ಮಳೆಗೆ ನಾಲ್ಕು ಪಾದ, ಅಂದರೆ ಒಂದು ಪಾದ ಸುಮಾರು ಮೂರೂವರೆ ದಿನ. "ಮೃಗಶಿರದ ಎರಡನೇ ಪಾದದಲ್ಲಿ" ಅಂತ ಹೇಳುವ ಹಿರಿಯರು ಈಗಲೂ ಇದ್ದಾರೆ. ಅವರಿಂದ ನಾಲ್ಕು ದಿನದೊಳಗಿನ ನಿಖರತೆ ಸಿಗುತ್ತದೆ. ಉಳಿದವರಿಂದ ಹದಿನಾಲ್ಕು ದಿನದ್ದು ಸಿಗುತ್ತದೆ. ಆದ್ದರಿಂದ ಕಂಬಸಾಲನ್ನು ನಾಲ್ಕು ಮಾಡಿ: ರೋಹಿಣಿಯಲ್ಲಿ ಅಥವಾ ಅದಕ್ಕೂ ಮುಂಚೆ, ಮೃಗಶಿರ, ಆರಿದ್ರ, ಆಮೇಲೆ. ಸೊಸೈಟಿಯಲ್ಲಿ ಮೈಲುತುತ್ತ ತಂದ ಬಿಲ್ ಇದ್ದರೆ ಅದರ ತಾರೀಖನ್ನೂ ಬರೆದುಕೊಳ್ಳಿ. ಹೋದ ವರ್ಷದ ದಾಸ್ತಾನು ಇರದಿದ್ದರೆ, ತರುವ ಮುಂಚೆ ಹೊಡೆಯುವುದು ಸಾಧ್ಯವಿಲ್ಲವಲ್ಲ. ಹೇಳಿದ್ದಕ್ಕೆ ಅದೊಂದು ತಾಳೆ.

ಹೀಗೆ ಮಾಡಿದ ಕೂಡಲೇ "ಯಾವ ಟೆಸ್ಟ್" ಅನ್ನುವುದೂ ಬಹುಪಾಲು ತೀರ್ಮಾನವಾಯಿತು. ನಮ್ಮ ಅಳತೆ ಈಗ ದಿನಗಳ ಸಂಖ್ಯೆ ಅಲ್ಲ, ಕ್ರಮದಲ್ಲಿರುವ ವರ್ಗಗಳು. ಸರಾಸರಿ ತೆಗೆದು, ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್ ಹಾಕುವುದು ಇಲ್ಲಿ ಹೊಂದುವುದಿಲ್ಲ. ಮೂರು ಸಾಲು, ನಾಲ್ಕು ಕಂಬ, ಟೇಬಲ್ಲಿನಲ್ಲಿ ಹನ್ನೆರಡು ಮನೆ. ಸಾಲಿಗೂ ಕಂಬಕ್ಕೂ ಸಂಬಂಧ ಇದೆಯೇ ಅಂತ ನೋಡುವ ಕೈ-ವರ್ಗ ಪರೀಕ್ಷೆ ನಡೆಯುತ್ತದೆ. ತಡದ ಕ್ರಮವನ್ನೂ ಲೆಕ್ಕಕ್ಕೆ ತಗೊಳ್ಳಬೇಕಾದರೆ ಕ್ರಸ್ಕಲ್-ವಾಲಿಸ್ ಪರೀಕ್ಷೆ. ಎಲ್ಲರಿಂದಲೂ ಪಾದದವರೆಗೆ ಉತ್ತರ ಸಿಗುತ್ತದೆ ಅಂತ ಮುಖ್ಯ ಸರ್ವೆಗೆ ಮುಂಚೆ ಮಾಡಿ ನೋಡುವ ಸಣ್ಣ ಸರ್ವೆಯಲ್ಲಿ, ಅಂದರೆ ಪೈಲಟ್‌ನಲ್ಲಿ ಗೊತ್ತಾದರೆ ಮಾತ್ರ ದಿನದ ಲೆಕ್ಕಕ್ಕೆ ಹೋಗಬಹುದು.

ಇಳುವರಿ ಕೇಳುವಾಗಲೂ ಇದೇ ಎಚ್ಚರ ಬೇಕು. "ಎಷ್ಟು ಕ್ವಿಂಟಾಲ್?" ಅಂದರೆ ಒಬ್ಬರು ಹಸಿ ಅಡಿಕೆ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಒಣಗಿಸಿದ್ದರ ಲೆಕ್ಕ. ತೋಟ ಎಷ್ಟು ಅಂದರೆ ಒಬ್ಬರು ಎಕರೆ-ಗುಂಟೆಯಲ್ಲಿ, ಮತ್ತೊಬ್ಬರು "ಸಾವಿರ ಮರ" ಅಂತ. ಯಾವುದು ಅಂತ ಪ್ರಶ್ನೆಯಲ್ಲೇ ಕಟ್ಟಿಹಾಕದಿದ್ದರೆ ಆಮೇಲೆ ಯಾವ ಸಾಫ್ಟ್‌ವೇರೂ ಬೇರೆ ಮಾಡಿಕೊಡುವುದಿಲ್ಲ.

ಈಗ ಎಲ್ಲರಿಗೂ ತಲೆಬಿಸಿ ಮಾಡುವ ವಿಷಯ: ಎಷ್ಟು ಜನರನ್ನು ಕೇಳಬೇಕು? 384 ಅನ್ನುವ ಅಂಕಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಂತ್ರದ ಹಾಗೆ ಓಡಾಡುತ್ತದೆ. ಅದು ಎಲ್ಲಿಂದ ಬಂತು ನೋಡಿ. ಶೇಕಡಾ 95ರ ವಿಶ್ವಾಸಕ್ಕೆ 1.96 ಅನ್ನುವ ಸಂಖ್ಯೆ. ಉತ್ತರ ಅರ್ಧಕ್ಕರ್ಧ ಇರಬಹುದು ಅಂತ 0.5. ಐದು ಅಂಶ ಆಚೀಚೆ ಆದರೆ ಪರವಾಗಿಲ್ಲ ಅಂತ 0.05. ಇವನ್ನಿಟ್ಟು 1.96 × 1.96 × 0.5 × 0.5 ÷ (0.05 × 0.05) ಮಾಡಿದರೆ 384.16. ಸಂಶೋಧಕರಾದ ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಒಟ್ಟು ಜನಸಂಖ್ಯೆ 75,000 ಇದ್ದರೆ 382, 10 ಲಕ್ಷ ಇದ್ದರೂ 384. 1,000 ಇದ್ದರೆ 278.

ಲೆಕ್ಕ ಸರಿಯೇ. ಆದರೆ ಅದರ ಹಿಂದೆ ಎರಡು ಷರತ್ತುಗಳಿವೆ. ಒಂದು, ನೀವು ಅಂದಾಜು ಮಾಡುವುದು ಒಂದೇ ಒಂದು ಶೇಕಡಾವಾರು. ಎರಡು, ಇಡೀ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಆರಿಸಿದ್ದೀರಿ. ನಮ್ಮ ಅಧ್ಯಯನದಲ್ಲಿ ಎರಡೂ ಇಲ್ಲ.

ಮೊದಲನೆಯದಾಗಿ, ನಮ್ಮದು ಗುಂಪುಗಳ ಹೋಲಿಕೆ. ಎರಡು ಗುಂಪಿನ ಸರಾಸರಿಗಳ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ ಇದ್ದರೆ, ಅದನ್ನು ಶೇಕಡಾ 80ರಷ್ಟು ಸಲ ಹಿಡಿಯುವುದಕ್ಕೆ ಗುಂಪಿಗೆ 64 ಜನ ಬೇಕು. ಸಣ್ಣ ವ್ಯತ್ಯಾಸವಾದರೆ ಗುಂಪಿಗೆ 393. ಈ ಸಣ್ಣ, ಮಧ್ಯಮ, ದೊಡ್ಡದು ಅನ್ನುವ ಅಳತೆಗಳನ್ನು ಬಳಕೆಗೆ ತಂದವರು ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್. ಇಲ್ಲಿ ಒಟ್ಟು ಎಷ್ಟು ಅನ್ನುವುದಕ್ಕಿಂತ ಅತಿ ಸಣ್ಣ ಗುಂಪಿನಲ್ಲಿ ಎಷ್ಟು ಅನ್ನುವುದು ಮುಖ್ಯ. 384 ಜನರಲ್ಲಿ ಸ್ವಂತ ದೋಟಿ ಇರುವವರು 20 ಮಂದಿ ಮಾತ್ರ ಸಿಕ್ಕಿದರೆ ಹೋಲಿಕೆ ನಿಲ್ಲುವುದಿಲ್ಲ. ಆಗ ಗುಂಪು ಗುಂಪಿಗೆ ಬೇರೆ ಬೇರೆ ಪಟ್ಟಿ ಮಾಡಿ, ಒಂದೊಂದರಿಂದ ಇಂತಿಷ್ಟು ಅಂತ ಎತ್ತಬೇಕು.

ಎರಡನೆಯದು ಇನ್ನೂ ಸೂಕ್ಷ್ಮ. ನಾವು ಮೊದಲು ಹಳ್ಳಿ ಆರಿಸುತ್ತೇವೆ, ಆಮೇಲೆ ಹಳ್ಳಿಯಲ್ಲಿ ಹತ್ತೋ ಇಪ್ಪತ್ತೋ ಮನೆ. ಯೋಚನೆ ಮಾಡಿ. ಒಂದು ಊರಿಗೆ ಬರುವ ಕೊನೆಗಾರ ಒಬ್ಬನೇ. ಇವತ್ತು ಮೇಲಿನ ಮನೆ, ನಾಳೆ ಕೆಳಗಿನ ಮನೆ. ಅವನು ಒಂದು ವಾರ ತಡವಾಗಿ ಬಂದರೆ ಇಡೀ ಊರಿನ ಔಷಧಿಯೇ ತಡ. ಮಳೆಯೂ ಎಲ್ಲರಿಗೂ ಒಂದೇ. ಹಾಗಾಗಿ ಇಪ್ಪತ್ತು ಮನೆ ಕೇಳಿದರೂ ಇಪ್ಪತ್ತು ಬೇರೆ ಬೇರೆ ಸುದ್ದಿ ಸಿಗುವುದಿಲ್ಲ, ಅದೇ ಸುದ್ದಿ ಮತ್ತೆ ಮತ್ತೆ ಸಿಗುತ್ತದೆ. ಇದನ್ನು ಸರಿಮಾಡಲು ಒಂದು ಗುಣಕ ಇದೆ: ಒಂದು ಹಳ್ಳಿಯ ಮನೆಗಳ ಸಂಖ್ಯೆಯಲ್ಲಿ ಒಂದು ಕಳೆದು, ನೆರೆಹೊರೆಯವರ ಹೋಲಿಕೆಯ ಪ್ರಮಾಣದಿಂದ ಗುಣಿಸಿ, ಒಂದು ಕೂಡಿಸಬೇಕು. ಹೋಲಿಕೆ 0.05 ಅಂತ ಇಟ್ಟುಕೊಂಡರೂ, ಹಳ್ಳಿಗೆ 20 ಮನೆಯಾದರೆ ಗುಣಕ 1.95. 384 ಇದ್ದದ್ದು ಸುಮಾರು 749 ಆಗುತ್ತದೆ. ಹಳ್ಳಿಗೆ 10 ಮನೆಯಾದರೆ ಗುಣಕ 1.45, ಬೇಕಾದದ್ದು 557. ಅಂದರೆ ಒಂದೇ ಊರಿನಲ್ಲಿ ಜಾಸ್ತಿ ಮನೆ ಸುತ್ತುವುದಕ್ಕಿಂತ ಜಾಸ್ತಿ ಊರು ಸುತ್ತುವುದು ಮೇಲು. ಕಾಲಿಗೆ ಕಷ್ಟ, ಲೆಕ್ಕಕ್ಕೆ ಒಳ್ಳೆಯದು.

557 ಮನೆ ಆಗುತ್ತದಾ? ಮಲೆನಾಡಿನ ಹಳ್ಳಿ ಒತ್ತೊತ್ತಾದ ಕೇರಿಯಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು, ಸಂಕ ದಾಟಿ, ಹತ್ತಬೇಕು. ಹೋದ ಮನೆಯಲ್ಲಿ ಕಾಫಿ ಕುಡಿಯದೆ ಎದ್ದರೆ ಬೇಸರ ಮಾಡಿಕೊಳ್ಳುತ್ತಾರೆ. ದಿನಕ್ಕೆ ಐದು ಮನೆಯಾದರೆ ಒಬ್ಬರಿಗೆ 112 ದಿನ. ಇದು ಆಗದ ಮಾತು ಅಂತ ಅನ್ನಿಸಿದರೆ ಪ್ರಾಮಾಣಿಕವಾದ ದಾರಿ ಇದೆ. ತಪ್ಪಿನ ಅಂತರವನ್ನು 5ರಿಂದ 7ಕ್ಕೆ ಏರಿಸಿ. ಆಗ ಮೂಲ ಲೆಕ್ಕ 196, ಗುಣಕ ಸೇರಿ 284. ಹಳ್ಳಿಗೆ ಹತ್ತರಂತೆ 29 ಹಳ್ಳಿ. ಇಬ್ಬರು ಸೇರಿದರೆ ಒಂದು ತಿಂಗಳ ಕೆಲಸ. ಇದನ್ನು ಪ್ರಬಂಧದಲ್ಲಿ ಹೀಗೇ ಬಿಚ್ಚಿ ಬರೆಯಿರಿ. ಹೇಗೆ ಬಂತು ಅಂತ ಹೇಳಲಾಗದ 384ಕ್ಕಿಂತ ಕಾರಣ ಹೇಳಬಲ್ಲ 284ಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಚೀಟಿ ಎತ್ತುವುದು ಯಾವ ಪಟ್ಟಿಯಿಂದ? ಪಹಣಿ ನೋಡಿದರೆ ಅಜ್ಜನ ಹೆಸರೇ ಇರುತ್ತದೆ, ತೋಟ ಮೂರು ಮೊಮ್ಮಕ್ಕಳಿಗೆ ಪಾಲಾಗಿರುತ್ತದೆ. ಒಂದೇ ಮನೆಗೆ ನಾಲ್ಕು ಸರ್ವೆ ನಂಬರ್ ಇದ್ದರೆ ಆ ಮನೆ ಆಯ್ಕೆಯಾಗುವ ಸಂಭವವೂ ನಾಲ್ಕು ಪಟ್ಟು. ಬಗರ್ ಹುಕುಂ ಸಾಗುವಳಿ ಮಾಡುವವರು ಪಹಣಿಯಲ್ಲಿ ಸಿಗುವುದೇ ಇಲ್ಲ. ಸೊಸೈಟಿಯ ಸದಸ್ಯರ ಪಟ್ಟಿ ತಗೊಂಡರೆ ಸದಸ್ಯರಲ್ಲದ ಸಣ್ಣವರು ಬಿಟ್ಟುಹೋಗುತ್ತಾರೆ. ಪೂರ್ತಿ ಸರಿಯಾದ ಪಟ್ಟಿ ಎಲ್ಲೂ ಇಲ್ಲ. ನನ್ನ ಸಲಹೆ: ಆರಿಸಿದ ಹಳ್ಳಿಯಲ್ಲಿ ಮೊದಲ ದಿನ ಪ್ರಶ್ನೆಯನ್ನೇ ಕೇಳಬೇಡಿ. ಸುಮ್ನೆ ಸುತ್ತಿ, ಅಡಿಕೆ ತೋಟ ಇರುವ ಮನೆಗಳ ಪಟ್ಟಿ ನೀವೇ ಮಾಡಿ. ಚೀಟಿ ಎತ್ತುವುದು ಅದರಿಂದ. ರಸ್ತೆ ಬದಿಯ ಮನೆಗಳನ್ನಷ್ಟೇ ಮುಗಿಸಿಕೊಂಡು ಬಂದರೆ, ರಸ್ತೆ ಇರುವವರಿಗೆ ಕೊನೆಗಾರ ಬೇಗ ಸಿಗುತ್ತಾನೆ ಅನ್ನುವ ಸತ್ಯವೇ ನಿಮ್ಮ ಫಲಿತಾಂಶವನ್ನು ಕೆಡಿಸುತ್ತದೆ.

ಇನ್ನು ಕಾರಣದ ಮಾತು. ತಡವಾಗಿ ಹೊಡೆದವರಿಗೆ ಕೊಳೆ ಜಾಸ್ತಿ ಬಂತು ಅಂತ ಅಂಕಿಗಳು ತೋರಿಸಿದವು ಅನ್ನಿ. ತಡವೇ ಕಾರಣ ಅಂತ ಬರೆಯಬಹುದಾ? ಒಂದೇ ತಾಲ್ಲೂಕಿನಲ್ಲಿ ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಮಂಡಗದ್ದೆ ಕಡೆ ಬಂದರೆ ಅದಕ್ಕಿಂತ ಎಷ್ಟೋ ಕಡಿಮೆ. ಆಗುಂಬೆ ಕಡೆಯವರಿಗೆ ಮಳೆ ಬಿಡುವು ಕೊಡದೆ ಔಷಧಿ ತಡವಾಗಿರಬಹುದು, ಅದೇ ಮಳೆಯಿಂದ ಕೊಳೆಯೂ ಬಂದಿರಬಹುದು. ಎರಡಕ್ಕೂ ಮೂಲ ಮಳೆ. ಆದ್ದರಿಂದ ಮಳೆಯ ಅಂಕಿಗೆ ಒಂದು ಕಂಬಸಾಲು ಮೊದಲೇ ಇರಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ. ತೋಟ ಕಣಿವೆಯ ತಳದಲ್ಲಿದೆಯೋ ಗುಡ್ಡದ ಮೇಲೋ, ಬಸಿಗಾಲುವೆ ಇದೆಯೋ ಇಲ್ಲವೋ, ಇವೂ ಬೇಕು. ಮನೆ ಬಿಟ್ಟು ಬಂದ ಮೇಲೆ ನೆನಪಾದರೆ ಮತ್ತೆ ಅಷ್ಟೂ ಮನೆಗೆ ಹೋಗಬೇಕು.

ಊಹೆಗಳ (ಹೈಪಾಥಿಸಿಸ್) ಬಗ್ಗೆ ಒಂದು ಮಾತು. ವಯಸ್ಸಿಗೂ ಇದಕ್ಕೂ, ಓದಿಗೂ ಇದಕ್ಕೂ, ಆದಾಯಕ್ಕೂ ಇದಕ್ಕೂ "ಗಣನೀಯ ಸಂಬಂಧವಿಲ್ಲ" ಅಂತ ಇಪ್ಪತ್ತು ಊಹೆ ಬರೆದು, ಒಂದೊಂದನ್ನೂ 0.05ರ ಮಟ್ಟದಲ್ಲಿ, ಅಂದರೆ ಇಲ್ಲದ ಸಂಬಂಧ ಇದೆ ಅಂತ ತೋರುವ ಅಪಾಯ ಶೇಕಡಾ 5 ಅಂತ ಇಟ್ಟುಕೊಂಡು, ಪರೀಕ್ಷೆ ಮಾಡುವ ರೂಢಿ ಇದೆ. ಎಲ್ಲೂ ಯಾವ ಸಂಬಂಧವೂ ಇಲ್ಲದಿದ್ದರೂ, ಪರೀಕ್ಷೆಗಳು ಒಂದಕ್ಕೊಂದು ಸಂಬಂಧಪಡದವಾದರೆ, ಇಪ್ಪತ್ತರಲ್ಲಿ ಒಂದಾದರೂ "ಗಣನೀಯ" ಅಂತ ಬರುವ ಸಂಭವ ಶೇಕಡಾ 64. ಅದನ್ನೇ ಹಿಡಿದುಕೊಂಡು ಒಂದು ಅಧ್ಯಾಯ ಬರೆದವರಿದ್ದಾರೆ. ಮೂರೋ ನಾಲ್ಕೋ ಊಹೆ ಸಾಕು. ಯಾವುದು ಮುಖ್ಯ ಅಂತ ಸಿನಾಪ್ಸಿಸ್‌ನಲ್ಲೇ ಬರೆದು ಗೈಡ್‌ಗೆ ತೋರಿಸಿ. ಜೊತೆಗೆ, ವ್ಯತ್ಯಾಸ ಇದೆಯೋ ಇಲ್ಲವೋ ಅನ್ನುವುದರ ಜೊತೆ ಎಷ್ಟಿದೆ ಅನ್ನುವುದೂ ಇರಲಿ. ಬೆಳೆಗಾರರು ಕೇಳುವುದು ಅದನ್ನೇ.

ಪೈಲಟ್ ಬಿಡಲೇಬೇಡಿ. ಬಂಗಾಳದ ಸೆಣಬು ಸಮೀಕ್ಷೆಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ದೊಡ್ಡ ಸರ್ವೆಗೆ ಮುಂಚೆ ಸಣ್ಣ ಸರ್ವೆ ಮಾಡಿ ನೋಡುವುದನ್ನೇ ಒಂದು ಕ್ರಮವಾಗಿ ಬೆಳೆಸಿದರು. ಅಧ್ಯಯನ ತೀರ್ಥಹಳ್ಳಿಯದ್ದಾದರೆ ಪೈಲಟ್ ಹೊಸನಗರದಲ್ಲಿ 30 ಮನೆ ಮಾಡಿ. ಮನೋಭಾವ ಅಳೆಯುವ ಐದು ಹಂತದ ಪ್ರಶ್ನೆಗಳಿದ್ದರೆ, ಅವು ಒಂದಕ್ಕೊಂದು ಹೊಂದುತ್ತವೆಯೇ ಅಂತ ಹೇಳುವ ಕ್ರೋನ್‌ಬ್ಯಾಕ್ ಆಲ್ಫಾ 0.7 ದಾಟುತ್ತದೆಯೇ ನೋಡಿಕೊಳ್ಳಿ. ಅದಕ್ಕಿಂತ ಮುಖ್ಯ, ಯಾವ ಪ್ರಶ್ನೆಗೆ ಜನ ನಿಮ್ಮ ಮುಖ ನೋಡುತ್ತಾರೆ, ಯಾವುದಕ್ಕೆ ಮಾತು ಮರೆಸುತ್ತಾರೆ ಅನ್ನುವುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಜಮೀನಿನ ಪ್ರಶ್ನೆ ಬಂದರೆ ಮುಖ ಗಂಭೀರವಾಗುತ್ತದೆ. ಒತ್ತುವರಿ ಅಂತ ಯಾರಾದರೂ ಬಂದರೆ ಅನ್ನುವ ಭಯ ಮಲೆನಾಡಿನಲ್ಲಿ ಸಣ್ಣದಲ್ಲ. ನೀವು ಯಾರು, ಯಾಕೆ ಕೇಳುತ್ತಿದ್ದೀರಿ, ಬೇಡ ಅಂದರೆ ಬಿಡಬಹುದು ಅನ್ನುವುದನ್ನು ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ. ಹೆಸರು, ಸರ್ವೆ ನಂಬರ್ ಇರುವ ಹಾಳೆ ಬೇರೆ, ಉತ್ತರದ ಹಾಳೆ ಬೇರೆ; ನಡುವೆ ಒಂದು ಕೋಡ್ ನಂಬರ್ ಮಾತ್ರ. ಟೇಬಲ್ಲಿಗೆ ಬೇಡದ ಜಮೀನಿನ ವಿವರವನ್ನು ಕೇಳಲೇಬೇಡಿ. ಖಾಲಿ ಟೇಬಲ್ಲಿನ ಇನ್ನೊಂದು ಉಪಕಾರ ಇದು: ಹದಿನಾಲ್ಕು ಪುಟದ ಪ್ರಶ್ನಾವಳಿ ನಾಲ್ಕಕ್ಕೆ ಇಳಿಯುತ್ತದೆ.

ಅಂಕಿ ತುಂಬುವಾಗ ಆಗುವ ಒಂದು ತಪ್ಪನ್ನು ಹೇಳಲೇಬೇಕು, ನನ್ನ ಪ್ರಬಂಧದಲ್ಲೇ ಆಗಿತ್ತು. ಉತ್ತರ ಕೊಡದವರಿಗೆ 99 ಅಂತ ಹಾಕಿದ್ದೆ. ಅದು ಉತ್ತರವಲ್ಲ ಅಂತ ಸಾಫ್ಟ್‌ವೇರ್‌ಗೆ ಹೇಳಿರಲಿಲ್ಲ. ಮನೆಯ ಸದಸ್ಯರ ಸರಾಸರಿ ಹನ್ನೊಂದು ಅಂತ ಬಂತು. ಎರಡು ವಾರ ಆದಮೇಲೆ ಗೊತ್ತಾಯಿತು. ಯಾವ ಅಂಕಿಗೆ ಯಾವ ಅರ್ಥ ಅನ್ನುವ ಕೋಡ್ ಪುಸ್ತಕವನ್ನು ಪೈಲಟ್ ಹೊತ್ತಿಗೇ ಬರೆದಿಡಿ.

ಕೊನೆಯದು ಕ್ಯಾಲೆಂಡರ್. ಯುಜಿಸಿಯ 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಲೆನಾಡಿನ ಲೆಕ್ಕದಲ್ಲಿ ಮೂರು ವರ್ಷ ಅಂದರೆ ಮೂರು ಮಳೆಗಾಲ. ಮೊದಲನೆಯದು ಕೋರ್ಸ್‌ವರ್ಕ್ ಮತ್ತು ಓದಿನಲ್ಲಿ ಹೋಗುತ್ತದೆ. ಪೈಲಟ್ ಮುಗಿಯಬೇಕಾದದ್ದು ಅದರ ಮುಂದಿನ ಫೆಬ್ರವರಿ-ಮಾರ್ಚ್‌ನಲ್ಲಿ, ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ. ಮುಖ್ಯ ಸರ್ವೆಗೆ ನನಗೆ ಸರಿ ಕಾಣುವುದು ಎರಡನೇ ಮಳೆಗಾಲದ ಕೊನೆ, ಚೌತಿ ಕಳೆದು ದಸರಾ ಮುಗಿಯುವವರೆಗಿನ ನಾಲ್ಕೈದು ವಾರ. ಮಳೆ ಸ್ವಲ್ಪ ಇಳಿದಿರುತ್ತದೆ, ರಸ್ತೆ ತೆರೆದಿರುತ್ತದೆ, ಮೊದಲ ಔಷಧಿಯ ನೆನಪು ಇನ್ನೂ ಹಸಿಯಾಗಿರುತ್ತದೆ. ದೀಪಾವಳಿ ಆಚೆ ಹೋದರೆ ಸುಗ್ಗಿ ಜೋರು; ಬೇಯಿಸುವುದು, ಒಣಗಿಸುವುದು, ರಾತ್ರಿ ಹನ್ನೊಂದರವರೆಗೆ ಸುಲಿಯುವುದು. ಆಗಲೂ ಹೋಗಬೇಕಾಗಿ ಬಂದರೆ ಸಂಜೆ ಹೋಗಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಪಕ್ಕದಲ್ಲಿ ನೀವೂ ಕೂತು ಕೇಳಿ. ಮನೆಯ ಹೆಂಗಸರೂ ಅಲ್ಲೇ ಇರುತ್ತಾರೆ. ಔಷಧಿ ಯಾವ ಮಳೆಯಲ್ಲಿ ಹೊಡೆದದ್ದು ಅಂತ ಯಜಮಾನರು ತಡವರಿಸಿದರೆ, "ರೋಹಿಣಿ ಅಲ್ಲ, ಮೃಗಶಿರ ಹುಟ್ಟಿ ಮೂರನೇ ದಿನ, ಅವತ್ತು ಕೊನೆಗಾರನಿಗೆ ಊಟ ಬಡಿಸಿದ್ದು ನಾನಲ್ವಾ" ಅಂತ ಅವರೇ ತಿದ್ದುತ್ತಾರೆ.